ಪಿಎಚ್‌.ಡಿ.ಗೆ ಹೊರಟಿದ್ದೇನೆ, ನಿಘಂಟು ಹೊತ್ತೊಯ್ಯಲೇ?

ಪ್ರಶ್ನೆ: ಅಮೆರಿಕದ ಯೂನಿವರ್ಸಿಟಿಯೊಂದರಲ್ಲಿ ಜರ್ಮನ್, ಡಚ್ ಮುಂತಾದ ಜರ್ಮನಿಕ್ ಕುಟುಂಬದ ಭಾಷೆಗಳ ಪಿಎಚ್‌.ಡಿ.ಗೆ ಸೀಟು ಸಿಕ್ಕಿದೆ. ಜರ್ಮನ್ ಬರುತ್ತದೆ. ಡಚ್ ಮತ್ತು ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್ ಹೊಸದಾಗಿ ಕಲಿಯಬೇಕು. ಅಲ್ಲಿನ ಲೈಬ್ರರಿಯನ್ನು ಚೆನ್ನಾಗಿ ಬಳಸಿಕೊಳ್ಳುವುದು ಹೇಗೆ? ನಿಘಂಟುಗಳನ್ನು ಇಲ್ಲಿಂದಲೇ ಕೊಂಡು ಒಯ್ಯಲೇ?

ಉತ್ತರ: ಸುಮ್ನೆ ಭಾರ ಹೊರಬೇಡಿ. ಸೂಟ್‌ಕೇಸಿನಲ್ಲಿ ಚಳಿಗೆ ಬಟ್ಟೆ ಇರಲಿ. ಗ್ರಿಮ್ ಸಹೋದರರು ಶುರು ಮಾಡಿದ ಜರ್ಮನ್ ನಿಘಂಟು ಇಡಿಯಾಗಿ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಮೊದಲ ಸಂಪುಟ ಬಂದಿದ್ದು 1854ರಲ್ಲಿ. 1863ರಲ್ಲಿ ಯಾಕೋಬ್ ಗ್ರಿಮ್ ತೀರಿಕೊಂಡಾಗ ಕೆಲಸ ಇನ್ನೂ ಎಫ್ ಅಕ್ಷರದಲ್ಲೇ ಇತ್ತು. ಬೇರೆಯವರು ಸೇರಿ ಮುಗಿಸುವಷ್ಟರಲ್ಲಿ ನೂರು ವರ್ಷ ದಾಟಿತ್ತು. ಹಾಗಾಗಿ ಎಯಿಂದ ಎಫ್‌ವರೆಗಿನ ಭಾಗ ತೀರ ಹಳತು. ಅಷ್ಟಕ್ಕೆ ಮಾತ್ರ ಹೊಸ ಪರಿಷ್ಕರಣೆ ಬಂದಿದೆ, ಅದನ್ನೂ ಜೊತೆಗೆ ನೋಡಿ. ಡಚ್‌ನ ದೊಡ್ಡ ಐತಿಹಾಸಿಕ ನಿಘಂಟೂ ಪುಕ್ಕಟೆ.

ಇನ್ನು ಕಪಾಟುಗಳು. ಅಲ್ಲಿನ ದೊಡ್ಡ ಲೈಬ್ರರಿಗಳಲ್ಲಿ ಹೆಚ್ಚಿನವು ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಿ ಪುಸ್ತಕ ಜೋಡಿಸುತ್ತವೆ. ಅದರಲ್ಲಿ ಒಂದೊಂದು ವಿಷಯಕ್ಕೂ ಇಂಗ್ಲಿಷ್ ಅಕ್ಷರಗಳ ಗುರುತು ಇರುತ್ತದೆ. ಜರ್ಮನ್, ಡಚ್ ವ್ಯಾಕರಣ ಪಿಎಫ್‌ನಲ್ಲಿ. ಸಾಹಿತ್ಯ ಪಿಟಿಯಲ್ಲಿ. ಸ್ವೀಡಿಷ್, ಐಸ್‌ಲ್ಯಾಂಡಿಕ್ ಸಾಹಿತ್ಯವೂ ಅಲ್ಲೇ. ಆದರೆ ಯಿಡ್ಡಿಷ್ ಮಾತ್ರ ಅಲ್ಲಿಲ್ಲ! ಅದು ಹೀಬ್ರೂ ಜೊತೆ ಪಿಜೆಯಲ್ಲಿ, ಬಹುಶಃ ಬೇರೆಯೇ ಮಹಡಿಯಲ್ಲಿ ಇರುತ್ತದೆ. ಲಿಪಿ ಹೀಬ್ರೂ ಇರಬಹುದು, ಭಾಷೆ ಜರ್ಮನಿಕ್ ತಾನೇ? ನನಗಂತೂ ಈ ಏರ್ಪಾಡು ಇವತ್ತಿಗೂ ಒಪ್ಪಿಗೆಯಿಲ್ಲ. ಯಿಡ್ಡಿಷ್ ಬುಕ್ ಸೆಂಟರ್‌ನವರು ಸಾವಿರಾರು ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕಿದ್ದಾರೆ, ಮಹಡಿ ಹತ್ತುವ ಮೊದಲು ಅಲ್ಲಿ ಹುಡುಕಿ.

ಸ್ಕ್ಯಾನ್ ಪುಸ್ತಕಗಳಲ್ಲಿ ಒಂದು ತಾಪತ್ರಯ ಇದೆ. ಹತ್ತೊಂಬತ್ತನೇ ಶತಮಾನದ ಜರ್ಮನ್ ಪುಸ್ತಕಗಳು ಜಾಸ್ತಿ ಫ್ರಾಕ್ಟುರ್ ಎಂಬ ಹಳೇ ಅಕ್ಷರಶೈಲಿಯ ಅಚ್ಚಿನವು. ಅದರಲ್ಲಿ ಉದ್ದನೆಯ ಎಸ್ ನೋಡುವುದಕ್ಕೆ ಥೇಟ್ ಎಫ್. ಕಂಪ್ಯೂಟರ್ ಕೂಡ ಹಾಗೇ ಓದಿಬಿಡುತ್ತದೆ. ನೀವು ಹುಡುಕಿದ ಪದ ಸಿಗದಿದ್ದರೆ ಎಸ್ ಬದಲು ಎಫ್ ಹಾಕಿ ನೋಡಿ. ಮೊದಲ ತಿಂಗಳಲ್ಲೇ ದಿನಕ್ಕೊಂದು ಪುಟ ಫ್ರಾಕ್ಟುರ್ ಓದಿ, ಕಣ್ಣು ಹೊಂದಿಕೊಳ್ಳುತ್ತದೆ.

ನಿಮ್ಮ ವಿಷಯಕ್ಕೆಂದೇ ಒಬ್ಬ ಲೈಬ್ರೇರಿಯನ್ ಇರುತ್ತಾರೆ. ಅಲ್ಲಿಗೆ ಹೋದ ಮೊದಲ ವಾರವೇ ಅವರಿಗೆ ಮೇಲ್ ಹಾಕಿ ಭೇಟಿಯಾಗಿ. ಹೊಸ ಪುಸ್ತಕ ತರಿಸುವವರು ಅವರೇ. ಎಷ್ಟೋ ವಿದ್ಯಾರ್ಥಿಗಳು ಸಂಕೋಚಪಟ್ಟು ಕೇಳುವುದೇ ಇಲ್ಲ, ಅಲ್ವಾ? ಇಲ್ಲದ ಪುಸ್ತಕವನ್ನು ಇಂಟರ್‌ಲೈಬ್ರರಿ ಲೋನ್‌ನಲ್ಲಿ ಬೇರೆ ಯೂನಿವರ್ಸಿಟಿಯಿಂದ ತರಿಸಿಕೊಡುತ್ತಾರೆ. ಲೇಖನವಾದರೆ ಪಿಡಿಎಫ್ ಬರುತ್ತದೆ.

ಕ್ಯಾಂಪಸ್ ಬದುಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಟೈಪೆಂಡ್‌ಗೆ ಬದಲಾಗಿ ಮೊದಲ ವರ್ಷದವರಿಗೆ ಜರ್ಮನ್ ಪಾಠ ಹೇಳುವ ಕೆಲಸ ಬರಬಹುದು. ನೋಟ್‌ಬುಕ್ ತಿದ್ದುವುದಕ್ಕೆ ನೀವಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಅನೇಕ ವಿಭಾಗಗಳಲ್ಲಿ ವಾರಕ್ಕೊಮ್ಮೆ ಜರ್ಮನ್‌ನಲ್ಲೇ ಹರಟೆ ಹೊಡೆಯುವ ಕಾಫಿ ಕೂಟ ಇರುತ್ತದೆ. ತಪ್ಪಿಸಬೇಡಿ. ಲೈಬ್ರರಿಯಲ್ಲಿ ಬೀಗವಿರುವ ಸ್ವಂತ ಮೇಜಿಗೆ ಅರ್ಜಿ ಹಾಕುವುದು ಯಾವಾಗ ಎಂದು ಸೀನಿಯರ್‌ಗಳನ್ನು ಅಲ್ಲೇ ಕೇಳಿಕೊಳ್ಳಿ. ಅದಕ್ಕೆ ಸರದಿ ಉದ್ದ.