ನಿಮ್ಮ ವ್ಯಾಂಪೈರ್‌ಗೆ ಹೊಳೆ ದಾಟೋದು ಕಷ್ಟವಾಗಲಿ

ಪ್ರಿಯರೇ, ನಮಸ್ಕಾರ.

ಕಾರವಾರದಿಂದ ನೀವು ಕಳಿಸಿದ ‘ಆಟಗಾರನೇ ವ್ಯಾಂಪೈರ್ ಆದರೆ’ ಲೇಖನವನ್ನು ಎರಡು ಸಲ ಓದಿದೆ. ಮೇಜಿನ ಸುತ್ತ ಕೂತು, ಡೈಸ್ ಉರುಳಿಸಿ ಆಡುವ ಫ್ಯಾಂಟಸಿ ಆಟಗಳ ಬಗ್ಗೆ ಕನ್ನಡದಲ್ಲಿ ಬರೆಯೋರು ಕಡಿಮೆ. ಅದಕ್ಕೇ ಖುಷಿಯಾಯಿತು. ಆದರೆ ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ.

ಎಂಟು ಪುಟದಲ್ಲಿ ಆರು ಪುಟ ಬರೀ ಶಕ್ತಿಗಳ ಪಟ್ಟಿ. ರಕ್ತ ಹೀರುವ ಈ ವ್ಯಾಂಪೈರ್ ಗೋಡೆ ಹತ್ತುತ್ತಾನೆ, ಮಂಜಾಗುತ್ತಾನೆ, ಗಾಯ ತಾನಾಗಿ ಮಾಯುತ್ತದೆ. ಇವೆಲ್ಲ ನಿಯಮದ ಪುಸ್ತಕದಲ್ಲೇ ಇವೆ ಅಲ್ವಾ? ಜೊತೆಗೆ ಆಡಲು ಬಂದ ಉಳಿದ ಮೂವರು ಏನು ಮಾಡಬೇಕು? ಸುಮ್ನೆ ನೋಡುತ್ತಾ ಕೂರೋದಾ? ಈ ತೊಂದರೆ ಹಳೆಯದು. 1970ರ ದಶಕದ ಶುರುವಿನಲ್ಲಿ, ಮುಂದೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಕಟ್ಟಿದವರಲ್ಲೊಬ್ಬರಾದ ಡೇವ್ ಆರ್ನೆಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ, ಒಬ್ಬ ಆಟಗಾರನ ‘ಸರ್ ಫ್ಯಾಂಗ್’ ಎಂಬ ಪಾತ್ರ ವ್ಯಾಂಪೈರ್ ಆಗಿ ಯಾರಿಗೂ ಬಗ್ಗದಷ್ಟು ಬಲಿಯಿತು. ಅವನನ್ನು ತಡೆಯಲಿಕ್ಕೇ ಕ್ಲೆರಿಕ್, ಅಂದರೆ ದೇವರ ಬಲದಿಂದ ಹೋರಾಡುವ ಪೂಜಾರಿಯ ಪಾತ್ರ ಹುಟ್ಟಿಕೊಂಡಿತು. ಈ ಕತೆ ನಿಮ್ಮ ಮೊದಲ ಪುಟದಲ್ಲೇ ಇರಬೇಕಿತ್ತು.

ನನಗೆ ಜಾಸ್ತಿ ಬೇಜಾರಾಗಿದ್ದು ನಾಲ್ಕನೇ ಪುಟದಲ್ಲಿ. ‘ಬಾವಲಿಯಾಗಿ ಹಾರಿ ಅಘನಾಶಿನಿ ದಾಟಿದ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಿಯಮದಲ್ಲಿ ಅದಕ್ಕೆ ದಾರಿ ಇದೆ, ನಿಜ. ಆದರೆ ಆಟಗಾರನಿಗೆ ಆ ಶಕ್ತಿಯನ್ನು ಮೊದಲ ದಿನವೇ ಕೊಡಬೇಡಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮದಲ್ಲಿ, ಹರಿಯುವ ನೀರಲ್ಲಿ ಸರದಿ ಮುಗಿಸಿದ ವ್ಯಾಂಪೈರ್‌ಗೆ 20 ಅಂಕದ ಪೆಟ್ಟು. ನಮ್ಮದೋ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹರಿಯುವ ಜಿಲ್ಲೆ! ಅವನನ್ನು ರಾತ್ರಿ ಹೊತ್ತು, ಅಘನಾಶಿನಿ ಸಮುದ್ರ ಸೇರುವ ತದಡಿಯ ದಡದಲ್ಲಿ ನಿಲ್ಲಿಸಿ. ದೋಣಿಯಲ್ಲಿ ಕೂತರೆ ನೀರಲ್ಲಿದ್ದ ಹಾಗೋ, ಅಲ್ಲವೋ? ಆಡುವವರು ಜಗಳಾಡಲಿ. ಉಬ್ಬರ ಮುಗಿದು ಇಳಿತ ಶುರುವಾಗುವ ನಡುವೆ ನೀರು ಸ್ವಲ್ಪ ಹೊತ್ತು ನಿಂತ ಹಾಗಿರುತ್ತದೆ. ಅದು ದೋಣಿಯವನಿಗೆ ಗೊತ್ತು. ಅವನನ್ನು ಹುಡುಕಿ, ಒಪ್ಪಿಸಿ, ಹೊತ್ತು ನೋಡಿ ದೋಣಿ ಬಿಡಿಸುವುದು ಜೊತೆಗಾರರ ಪಾಲಿಗೆ ಬರಲಿ. ಆಗ ನಾಲ್ವರಿಗೂ ಕೆಲಸ.

ಇನ್ನೊಂದು. ಕರೆಯದೆ ಅವನು ಯಾರ ಮನೆಯೊಳಗೂ ಕಾಲಿಡುವಂತಿಲ್ಲ. ನೀವು ಶಿರಸಿಯ ಮನೆಯ ಬಾಗಿಲು ಒಡೆಸಿದ್ದೀರಿ. ಯಾಕೆ? ಜಗಲಿಗೆ ಬಂದವರಿಗೆ ‘ಬನ್ನಿ ಬನ್ನಿ, ಆಸರಿಗೆ (ಕುಡಿಯಲು) ಏನು ಬೇಕು?’ ಅನ್ನುವ ಊರದು. ಅಜ್ಜಿ ‘ಬನ್ನಿ’ ಅಂದಿದ್ದು ಜಗಲಿಗೋ, ಒಳಗೋ? ಅವರು ಮುರುಗಲು ಪಾನಕದ ಕೆಂಪು ಲೋಟ ಹಿಡಿದು ಬರುವಾಗ ಅವನು ಹೊಸ್ತಿಲ ಈಚೆ ನಿಂತಿರಲಿ. ಹಸಿದಿರಲಿ.

ಆ ಹಸಿವು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ವ್ಯಾಂಪೈರ್: ದಿ ಮಾಸ್ಕರೇಡ್ 1991ರಲ್ಲೇ ಬಂದ ಆಟ. ಅದರ 2018ರ ಆವೃತ್ತಿಯಲ್ಲಿ ಹಸಿವು ಏರಿದಷ್ಟೂ ಮಾಮೂಲಿ ಡೈಸ್ ಹೋಗಿ ಹಸಿವಿನ ಡೈಸ್ ಕೈಗೆ ಬರುತ್ತವೆ. ಅದನ್ನೊಮ್ಮೆ ಆಡಿ ನೋಡಿ. ಪೂರ್ತಿ ವ್ಯಾಂಪೈರ್ ಭಾರ ಅನ್ನಿಸಿದರೆ ಅರ್ಧ ವ್ಯಾಂಪೈರ್ ಆದ ಧಾಂಪಿರ್ ಕೂಡ ಇದೆ.

ಶಕ್ತಿಯ ಪಟ್ಟಿ ಅರ್ಧ ಪುಟಕ್ಕೆ ಇಳಿಸಿ. ತದಡಿಯಿಂದಲೇ ಶುರು ಮಾಡಿ. ದೀಪಾವಳಿಯೊಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ.