ಪೇಂಟ್ ಆಮೇಲೆ, ಮೊದಲು ಚಾಸಿ ನೋಡಿ

ಮಲ್ಪೆಯಲ್ಲಿ ಮೀನು ಸಾಗಿಸುತ್ತಿದ್ದ ಹಳೇ ಪಿಕಪ್ ತಗೊಂಡಿದ್ದೀರಿ, ಮನೆಯಲ್ಲೇ ರೆಡಿ ಮಾಡಿ ಕಪ್ಪು ಬಣ್ಣ ಹೊಡೆಯಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ ಅಲ್ವಾ? ಬಣ್ಣದ ಮಾತು ಆಮೇಲೆ ಮಾರಾಯ್ರೆ. ಮೀನಿನ ಗಾಡಿ ಅಂದ್ರೆ ಐಸ್ ಕರಗಿದ ಉಪ್ಪುನೀರು ಚಾಸಿ, ಅಂದ್ರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ ಮೇಲೆ ಸುರಿದೇ ಇರುತ್ತದೆ. ಹಿಂದಿನ ಬಾಡಿ ಇಳಿಸಿ, ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಚಾಸಿಗೆ ಸೇರುವ ಬ್ರಾಕೆಟ್ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಡಬ್ ಅಂದರೆ ತುಕ್ಕು ತಿಂದಿದೆ. ಅಲ್ಲಿ ಪುಟ್ಟಿ ಮೆತ್ತಿದರೆ ಸುಮ್ನೆ ದುಡ್ಡು ದಂಡ. ಕತ್ತರಿಸಿ ಹೊಸ ಪ್ಲೇಟ್ ವೆಲ್ಡ್ ಮಾಡಿಸಿ, ಬ್ಯಾಟರಿ ವೈರ್ ಮೊದಲೇ ಬಿಚ್ಚಿಡಿ. ಚಾಸಿ ನಂಬರ್ ಇರುವ ಜಾಗಕ್ಕೆ ಮಾತ್ರ ಗ್ರೈಂಡರ್ ತಾಗಿಸಲೇಬೇಡಿ. ಎಪಾಕ್ಸಿ ಪ್ರೈಮರ್, ಅಂದ್ರೆ ಬಣ್ಣದ ಕೆಳಗೆ ಹೊಡೆಯುವ ತುಕ್ಕು ತಡೆಯುವ ಕೋಟ್, ಜೂನ್ ಮಳೆಗೆ ಮುಂಚೆ ಮುಗಿಯಲಿ. ಬಣ್ಣ ಬದಲಿಸುವ ಮೊದಲು ಆರ್‌ಟಿಒದಲ್ಲಿ ಅನುಮತಿ ತಗೊಳ್ಳಿ, ಆರ್‌ಸಿಯಲ್ಲೂ ಅದು ಬದಲಾಗಬೇಕು.