ಲೇಯ್ತೆಗೆ ಹೊರಟವರಿಗೆ: ಗದ್ದೆಯ ನೀರು ಮತ್ತು ಎಮ್ಮೆ

ಮದ್ದೂರಿನಿಂದ ಬರೆದಿದ್ದೀರಿ. ಫಿಲಿಪ್ಪೀನ್ಸ್‌ನ ಲೇಯ್ತೆ ದ್ವೀಪದಲ್ಲಿ ಭತ್ತದ ಬೀಜದ ಕೆಲಸ ಸಿಕ್ಕಿದೆ, ಹೆಂಡತಿ ಮಗನೊಡನೆ ಹೊರಟಿದ್ದೇನೆ, ಅಲ್ಲಿ ಬದುಕು ಹೇಗೆ ಎಂದು ಕೇಳಿದ್ದೀರಿ. ಅಲ್ಲಿನ ನೀರಿನಲ್ಲಿ ಹುಳುವಿನ ರೋಗವಿದೆಯಂತೆ, ಕಂಪನಿಯ ಕಾಲೊನಿಯಲ್ಲಿ ಎಲ್ಲರಿಗೂ ಶೌಚಾಲಯವಿದ್ದರೆ ಭಯವಿಲ್ಲ ತಾನೆ ಎಂಬುದು ಎರಡನೆಯ ಪ್ರಶ್ನೆ. ನಾಯಿ ಸಾಕಬಹುದೇ ಎಂಬುದು ಮೂರನೆಯದು.

ಮೊದಲನೆಯದಕ್ಕೆ ಹೆಚ್ಚು ಹೇಳುವುದಿಲ್ಲ. ಮೂರು ಹೊತ್ತೂ ಅನ್ನ, ರಾಗಿಯ ಆಸೆ ಬಿಡಬೇಕು. ಜನ ನಗುಮುಖದವರು, ಚಂಡಮಾರುತಗಳು ಮಾತ್ರ ನಿರ್ದಯಿಗಳು. 2013ರ ನವೆಂಬರಿನಲ್ಲಿ ಚಂಡಮಾರುತಕ್ಕೆ ಸಿಕ್ಕ ಅಲ್ಲಿನ ಟಕ್ಲೋಬಾನ್ ನಗರ ಏನಾಯಿತೆಂದು ಓದಿರುತ್ತೀರಿ. ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ.

ಎರಡನೆಯದಕ್ಕೆ ನನ್ನ ಉತ್ತರ: ಶೌಚಾಲಯವನ್ನು ನಂಬಿ ನೀರಿಗೆ ಇಳಿಯಬೇಡಿ. ರಜೆಗೆ ಪಾಂಡವಪುರಕ್ಕೆ ಬಂದಿದ್ದೇನೆ. ನಾಲೆಯಲ್ಲಿ ಎಮ್ಮೆ ತೊಳೆಯುವ ಪಕ್ಕದಲ್ಲೇ ಹುಡುಗರು ಧುಮುಕುತ್ತಾರೆ, ನನಗೇನೂ ಅನ್ನಿಸುವುದಿಲ್ಲ. ಅದನ್ನೇ ಲೇಯ್ತೆಯಲ್ಲಿ ಕಂಡರೆ ಎದೆ ಝಲ್ಲೆನ್ನುತ್ತದೆ. ಅಲ್ಲಿ ಎಮ್ಮೆಯ ಸಗಣಿಯೂ ರೋಗದ ಮೂಲ.

ನೀವು ಕೇಳಿದ ರೋಗದ ಹೆಸರು ಶಿಸ್ಟೊಸೋಮಿಯಾಸಿಸ್, ಎಂದರೆ ರಕ್ತನಾಳದಲ್ಲಿ ನೆಲೆಸುವ ಚಪ್ಪಟೆ ಹುಳುವಿನ ರೋಗ. ಆಫ್ರಿಕಾದಲ್ಲಿ ಹರಡಿರುವ ಜಾತಿಗಳು ಮುಖ್ಯವಾಗಿ ಮನುಷ್ಯನನ್ನೇ ನೆಚ್ಚಿಕೊಂಡಿವೆ. ಅಲ್ಲಿಯೂ ಬಬೂನ್ ಕೋತಿಗಳಲ್ಲಿ ಒಂದು ಜಾತಿ ಸಿಕ್ಕಿದೆ; ಸೆನೆಗಲ್‌ನಲ್ಲಿ ಮನುಷ್ಯನ ಹುಳುವೂ ದನದ ಹುಳುವೂ ಬೆರೆತ ಮಿಶ್ರತಳಿಗಳು ಕಂಡಿವೆ. ಆದರೆ ಫಿಲಿಪ್ಪೀನ್ಸ್ ಮತ್ತು ಚೀನಾದ ಶಿಸ್ಟೊಸೋಮಾ ಜಪೋನಿಕಮ್‌ನ ರೀತಿಯೇ ಬೇರೆ. ಅದಕ್ಕೆ ಎಮ್ಮೆ, ದನ, ಹಂದಿ, ಆಡು, ನಾಯಿ, ಬೆಕ್ಕು, ಗದ್ದೆಯ ಇಲಿ ಎಲ್ಲವೂ ಆಗುತ್ತದೆ. 40ಕ್ಕೂ ಹೆಚ್ಚು ಬಗೆಯ ಸಸ್ತನಿಗಳಲ್ಲಿ ಇದನ್ನು ಕಂಡಿದ್ದಾರೆ. 1904ರಲ್ಲಿ ಜಪಾನಿನ ಕತ್ಸುರಾದ ಎಂಬ ವೈದ್ಯರಿಗೆ ಈ ಹುಳು ಮೊದಲು ಸಿಕ್ಕಿದ್ದು ಒಂದು ಬೆಕ್ಕಿನ ದೇಹದಲ್ಲಿ, ರೋಗಿಯಲ್ಲಲ್ಲ!

ಲೆಕ್ಕ ಹಾಕಿ ನೋಡಿ. ಊರಿನವರೆಲ್ಲ ಶೌಚಾಲಯಕ್ಕೇ ಹೋದರೂ, ಈ ಹುಳುವನ್ನು ಕೊಲ್ಲಲು ವರ್ಷಕ್ಕೊಮ್ಮೆ ಸರ್ಕಾರ ಕೊಡುವ ಪ್ರಾಜಿಕ್ವಾಂಟೆಲ್ ಮಾತ್ರೆ ನುಂಗಿದರೂ, ಗದ್ದೆಯಲ್ಲಿ ನಿಂತ ಎಮ್ಮೆಗೆ ಯಾರು ಶೌಚಾಲಯ ಕಟ್ಟಿಸುತ್ತಾರೆ? ಅದು ದಿನಕ್ಕೆ ಬುಟ್ಟಿಗಟ್ಟಲೆ ಸಗಣಿ ಹಾಕುತ್ತದೆ. ಆ ಸಗಣಿಯಲ್ಲಿರುವ ಹುಳುವಿನ ಮೊಟ್ಟೆ ನೀರಿನಲ್ಲಿ ಒಡೆದು, ಹೊರಬಂದ ಮರಿ ಬಸವನಹುಳುವಿನ ಒಳಹೊಕ್ಕು, ಅಲ್ಲಿ ಸಾವಿರಾರಾಗಿ ಮತ್ತೆ ನೀರಿಗೆ ಬಂದು, ಕೆಲವೇ ನಿಮಿಷಗಳಲ್ಲಿ ಚರ್ಮವನ್ನು ತೂರುತ್ತದೆ. ಚೀನಾದವರು ಈ ಕಾರಣಕ್ಕೇ ಪೊಯಾಂಗ್ ಸರೋವರದ ಸುತ್ತ ಎಮ್ಮೆಗಳನ್ನು ದೂರವಿಟ್ಟು ಉಳುಮೆಗೆ ಟ್ರ್ಯಾಕ್ಟರ್ ತಂದರು. ಸೋಂಕು ಇಳಿಯಿತು. ಲೇಯ್ತೆಯ ರೈತನಿಗೆ ಆ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೆಸರು ಗದ್ದೆಯಲ್ಲಿ ಎಮ್ಮೆಯೇ ಅವನ ಬಲಗೈ.

ಆ ಬಸವನಹುಳುವನ್ನು ಗುರುತು ಹಿಡಿಯಲು ಕಲಿಯಿರಿ. ನಮ್ಮ ಕೆರೆಯಲ್ಲಿರುವ ಚಪ್ಪಟೆ ಸುರುಳಿಯದಲ್ಲ. ಭತ್ತದ ಕಾಳಿನಷ್ಟೂ ಉದ್ದವಿಲ್ಲದ, ಕಂದು ಬಣ್ಣದ, ಚೂಪು ತುದಿಯ ಚಿಪ್ಪು. ಕಾಲುವೆಯ ಅಂಚಿನ ಹುಲ್ಲಿನ ಬುಡವನ್ನು ಬಿಡಿಸಿದರೆ ನೀರಿನಿಂದ ಮೇಲೆ, ಒದ್ದೆ ಮಣ್ಣಿನಲ್ಲೇ ಅಂಟಿಕೊಂಡಿರುತ್ತದೆ. ಕೈಗೆ ಗ್ಲೌಸ್ ಇರಲಿ.

ನಮ್ಮಲ್ಲಿ ಏನೂ ಇಲ್ಲವೆಂದು ತಿಳಿಯಬೇಡಿ. ನಮ್ಮ ನಾಡಿನ ದನಗಳ ಮೂಗಿನಲ್ಲಿ ಗಡ್ಡೆ ಕಟ್ಟಿಸಿ ಗೊರಕೆ ಹೊಡೆಸುವ ಶಿಸ್ಟೊಸೋಮಾ ನೇಸೇಲ್ ಇದೇ ಕುಲದ ಹುಳು, ಬರುವುದು ಆ ಚಪ್ಪಟೆ ಸುರುಳಿಯವನಿಂದಲೇ. ಆದರೆ ದನದ ಈ ಹುಳುಗಳು ಮನುಷ್ಯನ ಮೈಯಲ್ಲಿ ಬೆಳೆಯಲಾರವು; ನಾಟಿ ಮಾಡುವವರ ಕಾಲಿಗೆ ಹೆಚ್ಚೆಂದರೆ ತುರಿಕೆ ತರುತ್ತವೆ. ಮಂಡ್ಯದ ಗದ್ದೆಯಲ್ಲಿ ಬರಿಗಾಲಲ್ಲಿ ಬೆಳೆದ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು.

ಮಾಡಬೇಕಾದದ್ದು ಕಷ್ಟವಲ್ಲ. ಗದ್ದೆಗೆ ಮೊಣಕಾಲಿನವರೆಗಿನ ರಬ್ಬರ್ ಬೂಟು. ತೂತು ಬಿದ್ದರೆ ಅಂದೇ ಬದಲಿಸಿ. ಮಗನಿಗೆ ಈಜುವ ಚಪಲವಿದ್ದರೆ ಸಮುದ್ರವಿದೆ, ಉಪ್ಪು ನೀರಿನಲ್ಲಿ ಈ ಭಯವಿಲ್ಲ. ಹೊಳೆ, ತೋಡು ಬೇಡವೇ ಬೇಡ. ಕೊಳವೆಬಾವಿಯ ನೀರು ಸ್ನಾನಕ್ಕೆ ಸರಿ. ಮಾತ್ರೆ ಬಂದಿರುವ ಸೋಂಕನ್ನು ಕೊಲ್ಲುತ್ತದೆ, ಮರುದಿನವೇ ನೀರಿಗಿಳಿದರೆ ಮತ್ತೆ ಬರುವುದನ್ನು ತಡೆಯುವುದಿಲ್ಲ. ಎಳೆಯ ಹುಳುವಿನ ಮೇಲೆ ಅದರ ಪರಿಣಾಮವೂ ಕಡಿಮೆ. ರಜೆಗೆ ಬಂದಾಗ ಜ್ವರ, ಕೆಮ್ಮು, ಹೊಟ್ಟೆನೋವು ಕಾಣಿಸಿದರೆ ಮೈಸೂರಿನ ವೈದ್ಯರಿಗೆ ಲೇಯ್ತೆಯ ಹೆಸರನ್ನು ನೀವೇ ಹೇಳಿ. ಹೇಳದಿದ್ದರೆ ಟೈಫಾಯ್ಡ್ ಎಂದೇ ಶುರುಮಾಡುತ್ತಾರೆ, ಅವರ ತಪ್ಪೂ ಅಲ್ಲ.

ನಾಯಿ ಸಾಕಿ, ಆದರೆ ಅಂಗಳದಲ್ಲಿ ಮಾತ್ರ. ಗದ್ದೆಗೆ ನಿಮ್ಮ ಹಿಂದೆ ಬರಲು ಬಿಡಬೇಡಿ. ನಿಮಗಾದರೂ ಬೂಟು ಇರುತ್ತದೆ.